ನಕ್ಷೆ ಬರೆದವರು, ಚಿತ್ರ ಬರೆದವರು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತವನಿಗೆ ಒಂದು ಕಾಲದಲ್ಲಿ ನಾಲ್ಕು ಕಡೆಗೂ ಹಳಿಗಳಿದ್ದವು. ಪಶ್ಚಿಮಕ್ಕೆ ಬೆಂಗಳೂರು, ಪೂರ್ವಕ್ಕೆ ಜೋಲಾರಪೇಟೆಯ ಮಾರ್ಗವಾಗಿ ಮದರಾಸು, ಉತ್ತರಕ್ಕೆ ಕೋಲಾರದ ಕಡೆಗೆ ಹೋಗುತ್ತಿದ್ದ ನ್ಯಾರೋಗೇಜಿನ ಪುಟ್ಟ ಗಾಡಿ, ಇನ್ನೊಂದು, ಚಿನ್ನದ ಗಣಿಗಾಗಿಯೇ 1894ರಲ್ಲಿ ಹಾಕಿದ, ಸುಮಾರು ಹತ್ತು ಮೈಲಿಗೆ ಮಾರಿಕುಪ್ಪಂನಲ್ಲಿ ಮುಗಿದುಹೋಗುವ ಹಳಿ. ಚಿತ್ರಕಲೆ ಕಲಿಯಬೇಕೆಂಬ ಹುಚ್ಚಿದ್ದವರು ಮೊದಲ ಎರಡರಲ್ಲಿ ಒಂದನ್ನು ಹಿಡಿಯಬೇಕಾಗಿತ್ತು. ಸಂಬಳ ಬೇಕಾದವರಿಗೆ ಕೊನೆಯದಿತ್ತು. ಉಪಾಧ್ಯಾಯನಾಗಿದ್ದ ನಾನು ನನ್ನ ಹುಡುಗರಿಗೆ ಯಾವ ಗಾಡಿಯನ್ನು ತೋರಿಸಿದೆನೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಚರಿತ್ರೆಯ ಮೇಷ್ಟ್ರಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುವುದು ಅನಿವಾರ್ಯ. ತರಗತಿಯಲ್ಲಿ ಸಹಿಸಿಕೊಂಡವರು ಇಲ್ಲಿಯೂ ಸಹಿಸಿಕೊಳ್ಳಬೇಕು.

1979ರಲ್ಲಿ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಚಾಂಪಿಯನ್ ರೀಫ್‌ನಿಂದ ರೈಲಿನಲ್ಲಿ ಬರುತ್ತಿದ್ದ. ತಂದೆ ಗಣಿಯೊಳಗೆ ಇಳಿದು ದುಡಿಯುವವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ; ಕೆ.ಜಿ.ಎಫ್. ಮಕ್ಕಳಿಗೆ ಇದು ಸಹಜ. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಅವನು ಪೆನ್ಸಿಲಿನಿಂದ ಬರೆಯುತ್ತಿದ್ದ ಚಿತ್ರಗಳನ್ನು ನಮ್ಮ ಡ್ರಾಯಿಂಗ್ ಮೇಷ್ಟ್ರು ನನಗೆ ತೋರಿಸಿದ್ದರು. ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ, ಪಾಳಿ ಬದಲಾಗುವ ಹೊತ್ತಿಗೆ ಪಂಜರದೊಳಗೆ ಭುಜಕ್ಕೆ ಭುಜ ತಾಗಿಸಿ ನಿಂತ ಜನ, ಹಿಂದೆ ಸೈನೈಡ್ ಗುಡ್ಡ. ಮುಖಗಳನ್ನು ಅವನು ಬರೆಯುತ್ತಿರಲಿಲ್ಲ, ಹೆಲ್ಮೆಟ್ಟುಗಳನ್ನು ಮಾತ್ರ ಬರೆಯುತ್ತಿದ್ದ. ಆದರೂ ಯಾರು ದಣಿದವರು, ಯಾರು ಹೊಸಬರು ಎಂಬುದು ನಿಂತ ಭಂಗಿಯಿಂದಲೇ ತಿಳಿಯುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಅವನ ತಂದೆ ನನ್ನನ್ನು ಹುಡುಕಿಕೊಂಡು ಬಂದರು. “ಸಾರ್, ಇವನು ಬೆಂಗಳೂರಿಗೆ ಹೋಗಿ ಬೊಂಬೆ ಬರೆಯೋದು ಕಲೀತಾನಂತೆ. ನೀವೇ ಬುದ್ಧಿ ಹೇಳಿ” ಎಂದರು. ನಾನು ಬುದ್ಧಿ ಹೇಳಿದೆ. ಕೈ ಚೆನ್ನಾಗಿದೆ, ಐ.ಟಿ.ಐ. ಸೇರಿ ಡ್ರಾಫ್ಟ್ಸ್‌ಮನ್ ಆಗು, ಗಣಿಯ ಸರ್ವೆ ಕಚೇರಿಯಲ್ಲಿ ಕೆಲಸ ಸಿಕ್ಕರೆ ಅಪ್ಪನ ಹಾಗೆ ಕೆಳಗಿಳಿಯಬೇಕಾಗಿಲ್ಲ ಎಂದೆ. ತಂದೆಯ ಮುಖ ಅರಳಿತು. ಹುಡುಗ ಏನನ್ನೂ ಹೇಳಲಿಲ್ಲ.

ಆ ಮಾತು ನನ್ನ ಸ್ವಂತದ್ದೆಂದು ಬಹಳ ಕಾಲ ಭಾವಿಸಿದ್ದೆ. ನಿವೃತ್ತನಾದ ಮೇಲೆ ನಮ್ಮ ನಾಡಿನ ಕಲಾಶಿಕ್ಷಣದ ಚರಿತ್ರೆಯನ್ನು ಓದಿದಾಗ, ಅದು ನನಗಿಂತ ನೂರು ವರ್ಷಕ್ಕೂ ಹಿರಿಯದೆಂದು ತಿಳಿಯಿತು. ಮದರಾಸಿನ ಕಲಾಶಾಲೆಯನ್ನು 1850ರಲ್ಲಿ ಆರಂಭಿಸಿದವನು ಅಲೆಕ್ಸಾಂಡರ್ ಹಂಟರ್ ಎಂಬ ಶಸ್ತ್ರವೈದ್ಯ. ಐದು ವರ್ಷದ ತರುವಾಯ ಸರ್ಕಾರವು ಅದನ್ನು ವಹಿಸಿಕೊಂಡು ಕೈಗಾರಿಕಾ ಕಲೆಗಳ ಶಾಲೆಯನ್ನಾಗಿ ನಡೆಸಿತು. ಅನಂತರ ಕಲ್ಕತ್ತೆ, ಬೊಂಬಾಯಿಗಳ ಶಾಲೆಗಳು ಬಂದವು. ಕುಶಲಕರ್ಮಿಯ ಕೈಯನ್ನು ಪಳಗಿಸುವುದು, ಕಚೇರಿಗಳಿಗೆ ಬೇಕಾದ ನಕ್ಷೆಗಾರರನ್ನು ಒದಗಿಸುವುದು ಇವುಗಳ ಮೊದಲ ಉದ್ದೇಶಗಳಲ್ಲಿ ಸೇರಿದ್ದವು. ಅಚ್ಚಿನ ಮಾದರಿಯನ್ನೂ ಗಚ್ಚಿನ ಪ್ರತಿಮೆಯನ್ನೂ ನೋಡಿ ರೇಖೆ ತಪ್ಪದಂತೆ ನಕಲು ಮಾಡುವುದೇ ಪಾಠ.

ಮೈಸೂರು ಸಂಸ್ಥಾನದ ಕಥೆಯೂ ಬೇರೆಯಲ್ಲ. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆದ ಯುವರಾಜನು ಅಡಿಗಲ್ಲಿಟ್ಟನು. ಹೆಸರೇ ‘ತಾಂತ್ರಿಕ’. ಮರಗೆಲಸ, ಕೆತ್ತನೆಗಳ ಮಗ್ಗುಲಲ್ಲಿ ಚಿತ್ರಕಲೆಗೂ ಒಂದು ಜಾಗ. ಅದೇ ಕಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ ಅವನೀಂದ್ರನಾಥ ಠಾಕೂರರ ಬಳಿಗೆ ಕಳುಹಿಸಿದರೆಂಬುದನ್ನು ಮರೆಯಲಾಗದು. ಆದರೆ ಅರಸನ ಕಣ್ಣಿಗೆ ಬಿದ್ದವರು ಎಷ್ಟು ಜನ? ಉಳಿದವರಿಗೆ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳು, ಆ ಬಳಿಕ ಆರ್ಟ್ ಮಾಸ್ಟರ್, ಆ ಬಳಿಕ ಯಾವುದೋ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಕುರ್ಚಿ. ನಮ್ಮ ಶಾಲೆಯ ಮೇಷ್ಟ್ರೂ ಹಾಗೆಯೇ ಬಂದವರು. ವಾರಕ್ಕೊಂದು ಪೀರಿಯಡ್ಡು, ಪರೀಕ್ಷೆ ಹತ್ತಿರವಾದಾಗ ಅದನ್ನೂ ನಾವು, ಅಂದರೆ ಗಣಿತದವರೂ ಚರಿತ್ರೆಯವರೂ, ಕಿತ್ತುಕೊಳ್ಳುತ್ತಿದ್ದೆವು. ಅವರು ಒಮ್ಮೆಯೂ ಜಗಳವಾಡಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದು ಧಾರೆಯೂ ಇತ್ತು. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿದರು. ರವೀಂದ್ರರು ಶಾಂತಿನಿಕೇತನದಲ್ಲಿ ಕಲಾಭವನವನ್ನು ತೆರೆದದ್ದೂ ಅದೇ ವರ್ಷ. 1960ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು, ಎಂ.ಎಸ್. ನಂಜುಂಡರಾಯರು ತಮ್ಮ ಆಯುಸ್ಸನ್ನೇ ಅದಕ್ಕೆ ತೇದರು. ಆ ದಶಕದ ಕೊನೆಯ ಹೊತ್ತಿಗೆ ಬಾದಾಮಿಯ ಕಡೆಯಿಂದ ಬಂದ ಆರ್.ಎಂ. ಹಡಪದರು ಕೆನ್ ಕಲಾಶಾಲೆಯನ್ನು ಕಟ್ಟಿದರು. ದೊಡ್ಡ ಕಟ್ಟಡವಿಲ್ಲ, ದೊಡ್ಡ ಅನುದಾನವಿಲ್ಲ. ಇಂದು ಜಗತ್ತಿನ ದೊಡ್ಡ ಪ್ರದರ್ಶನಗಳಲ್ಲಿ ಕೃತಿಗಳನ್ನಿಡುವ ಶೀಲಾ ಗೌಡ ಮೊದಲು ಕಲಿತದ್ದು ಆ ಶಾಲೆಯಲ್ಲಿ. ನಮ್ಮ ಹುಡುಗ ಹತ್ತನೆಯ ತರಗತಿ ಮುಗಿಸಿದಾಗ ಹಡಪದರು ಅಲ್ಲಿ ಪಾಠ ಹೇಳುತ್ತಿದ್ದರು. ಬಂಗಾರಪೇಟೆಯಿಂದ ಸುಮಾರು ಎಪ್ಪತ್ತು ಕಿಲೋಮೀಟರು. ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ವಿಚಾರಿಸದೆಯೇ ಸಲಹೆ ಕೊಟ್ಟದ್ದು ತಪ್ಪು.

ವಿಶ್ವವಿದ್ಯಾನಿಲಯಗಳು ಚಿತ್ರಕಲೆಗೆ ಬಾಗಿಲು ತೆರೆದದ್ದು ತಡವಾಗಿ. ಬರೋಡೆಯಲ್ಲಿ 1950ರಲ್ಲಿ ಲಲಿತಕಲೆಗಳ ನಿಕಾಯ ಆರಂಭವಾಗಿ, ಕುಂಚ ಹಿಡಿದವನೂ ಪದವೀಧರನಾಗಬಹುದೆಂದು ತೋರಿಸಿತು. ನಮ್ಮಲ್ಲಿ 1980ರ ದಶಕದಲ್ಲಿ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯೂ ಪರಿಷತ್ತಿನ ಲಲಿತಕಲಾ ಕಾಲೇಜೂ ಬಂದವು. ‘ತಾಂತ್ರಿಕ’ ಹೋಗಿ ‘ದೃಶ್ಯಕಲಾ’ ಎಂಬ ಹೆಸರು ಬರುವುದಕ್ಕೆ ಮುಕ್ಕಾಲು ಶತಮಾನ ಹಿಡಿಯಿತು.

ದಾವಣಗೆರೆಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಮನೆಗೂ ಸೇರಿದ್ದು. ಅಲ್ಲಿ 1964ರಲ್ಲಿ ಆರಂಭವಾದ ಚಿತ್ರಕಲೆ ಮತ್ತು ಕರಕುಶಲ ಶಾಲೆಯು ಬೆಳೆದು ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಯಿತು. ಈಗ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. 1988ರಲ್ಲಿ ನನ್ನ ತಂಗಿಯ ಮಗಳು ಅಲ್ಲಿಗೆ ಹೋದಳು. ಈ ಬಾರಿ ನನ್ನ ಸಲಹೆಯನ್ನು ಯಾರೂ ಕೇಳಲಿಲ್ಲ. ಅವಳ ಅತ್ತೆಯ ಮನೆ ಆ ಊರಿನಲ್ಲಿತ್ತು. ಹೆಂಗಸರೇ ಮಾತನಾಡಿಕೊಂಡು ತೀರ್ಮಾನಿಸಿದರು. ನನ್ನನ್ನು ಕೇಳಿದ್ದರೆ ಟಿ.ಸಿ.ಎಚ್. ಮಾಡಲಿ ಎನ್ನುತ್ತಿದ್ದೆನೋ ಏನೋ.

ರಜೆಗೆ ಬಂದಾಗಲೆಲ್ಲ ಆಕೆ ಹೇಳುತ್ತಿದ್ದುದನ್ನು ಕಿವಿಗೊಟ್ಟು ಕೇಳಿದ್ದೇನೆ. ತರಗತಿಯಲ್ಲಿ ಕೆಲವೇ ಜನ. ಹಿರಿಯರೂ ಕಿರಿಯರೂ ಅಕ್ಕಪಕ್ಕದಲ್ಲೇ ಬರೆಯುವುದರಿಂದ ಅರ್ಧ ಪಾಠ ಮೇಷ್ಟ್ರಿಂದ, ಅರ್ಧ ಪಾಠ ಮುಂದಿನ ವರ್ಷದವರಿಂದ. ಮೊದಲು ವಸ್ತುಚಿತ್ರ, ಪ್ರಕೃತಿಚಿತ್ರ, ಮನುಷ್ಯಾಕೃತಿ, ಅಕ್ಷರವಿನ್ಯಾಸ. ಮೇಲಿನ ತರಗತಿಗೆ ಹೋದಂತೆ ತೈಲವರ್ಣ, ಕಲೆಯ ಇತಿಹಾಸ. ದಿನಕ್ಕಿಷ್ಟೆಂದು ಸ್ಕೆಚ್ಚುಗಳನ್ನು ಮಾಡಿ ತೋರಿಸಲೇಬೇಕು. ಅದಕ್ಕಾಗಿ ಬಸ್ ನಿಲ್ದಾಣ, ಸಂತೆ, ಹತ್ತಿಯ ಗಿರಣಿಯ ಬಾಗಿಲು. ದಾವಣಗೆರೆ ಹತ್ತಿಯ ಗಿರಣಿಗಳ ಊರಲ್ಲವೆ?

“ಮಾವ, ಗಿರಣಿಯ ಕೂಗು ಕೇಳಿದರೆ ನಮ್ಮೂರಿನದೇ ಅನ್ನಿಸುತ್ತೆ” ಎಂದಿದ್ದಳು. ಪಾಳಿ ಬಿಡುವ ಹೊತ್ತಿನಲ್ಲಿ ಹೊರಬರುವ ಜನರನ್ನು ಬರೆದುಕೊಂಡು ಹೋದಾಗ, ಅಲ್ಲಿನ ಮೇಷ್ಟ್ರೊಬ್ಬರು ಇವರನ್ನು ನೀನು ಮೊದಲೇ ನೋಡಿದ್ದೀಯಲ್ಲ, ಎಲ್ಲಿ ಎಂದು ಕೇಳಿದರಂತೆ. ಅವಳು ಕೆ.ಜಿ.ಎಫ್. ಎಂದಳು. ಹಾಗಿದ್ದರೆ ಅದನ್ನೇ ಬರೆ ಎಂದರು. ಮುಂದಿನ ರಜೆಯಲ್ಲಿ ಊರಿಗಾಂನಿಂದ ಮಾರಿಕುಪ್ಪಂನವರೆಗೆ ಪ್ರತಿ ನಿಲ್ದಾಣದಲ್ಲೂ ಇಳಿದು ಅವಳು ಸ್ಕೆಚ್ಚು ಮಾಡಿದಳು. ಕಾವಲಿಗೆ ನಾನೂ ಹೋಗುತ್ತಿದ್ದೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳ ಮೇಲೆ ತಮಿಳು, ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳ ಕೈಚಳಕವನ್ನು ನಾನು ನಿಂತು ನೋಡಿದ್ದು ಆಗಲೇ. ಅಷ್ಟು ವರ್ಷ ಆ ಬೀದಿಯಲ್ಲಿ ತರಕಾರಿ ಕೊಂಡಿದ್ದೆ, ಅಷ್ಟೆ.

ಒಂದು ಸಣ್ಣ ವಿಭಾಗ ಕೊಡುವುದೇನೆಂಬುದು ನನಗೆ ಅರ್ಥವಾದದ್ದು ಹಾಗೆ. ಪದವಿಯ ಕಾಗದ ಎಲ್ಲಿಯಾದರೂ ಸಿಕ್ಕೀತು. ನೀನು ಕಂಡದ್ದು ಬರೆಯಲು ತಕ್ಕದ್ದು ಎಂದು ಹೇಳುವ ಒಬ್ಬರು ಅಲ್ಲಿದ್ದರು. 1979ರ ಆ ಹುಡುಗನಿಗೆ ಈ ಮಾತನ್ನು ಹೇಳಬೇಕಾಗಿದ್ದವನು ನಾನು.

ಅವನು ಡ್ರಾಫ್ಟ್ಸ್‌ಮನ್ ಆದನು. ಸರ್ವೆ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ಆ ಕೆಲಸವನ್ನು ಹಗುರವಾಗಿ ಕಾಣಬಾರದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಯನ್ನು ಇಡಿಯಾಗಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಕೆಳಗಿಳಿದವನಿಗೆ ತನ್ನ ದೀಪದ ಬೆಳಕು ಬಿದ್ದಷ್ಟೇ ಜಾಗ. ಗಣಿ ಇಡಿಯಾಗಿದ್ದದ್ದು ಕಾಗದದ ಮೇಲೆ. ಸರ್ವೆಯವರು ಥಿಯೊಡೊಲೈಟಿನಿಂದ ಅಳೆದು ತಂದ ಲೆಕ್ಕಗಳು ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯ ರೇಖೆಗಳಾಗುತ್ತಿದ್ದವು. ಅಗೆದು ಮುಗಿಸಿದ ಜಾಗಕ್ಕೆ ಬಣ್ಣ ತುಂಬಬೇಕು. ಗೆರೆ ತಪ್ಪಿದರೆ ಹಳೆಯ ಪೊಳ್ಳು ಎಲ್ಲಿದೆಯೆಂದು ತಿಳಿಯದೆ ಜೀವಗಳು ಹೋಗಬಹುದು. ಗಣಿ ಕಾಯಿದೆಯೇ ನಕ್ಷೆಗಳನ್ನು ಕಡ್ಡಾಯ ಮಾಡಿದ್ದುದು ಸುಮ್ಮನೆ ಅಲ್ಲ. ಅವನ ಗೆರೆ ತಪ್ಪುತ್ತಿರಲಿಲ್ಲವೆಂದು ಅಲ್ಲಿದ್ದವರು ಹೇಳಿದ್ದನ್ನು ಕೇಳಿದ್ದೇನೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಯಾವ ಭದ್ರತೆಯನ್ನು ತೋರಿಸಿ ನಾನು ಅವನನ್ನು ತಡೆದಿದ್ದೆನೋ ಅದು ಅವನಿಗೆ ನಲವತ್ತು ತುಂಬುವ ಮೊದಲೇ ಮುಗಿಯಿತು. ಆಮೇಲೆ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವ ಸಾವಿರಾರು ಜನರಲ್ಲಿ ಅವನೂ ಒಬ್ಬನಾದ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿತುಕೊಂಡು ಕಟ್ಟಡದವರ ಕಚೇರಿಯೊಂದರಲ್ಲಿ ದುಡಿದ. ಬೆಂಗಳೂರಿನ ಕಡೆಗೆ ಹೋಗುವ ಗಾಡಿಯನ್ನು ಕೊನೆಗೂ ಹತ್ತಿದ. ಆದರೆ ಇಪ್ಪತ್ತು ವರ್ಷ ತಡವಾಗಿ, ಬೇರೆಯದೇ ಕೆಲಸಕ್ಕೆ.

ನನ್ನ ತಂಗಿಯ ಮಗಳು ದೊಡ್ಡ ಕಲಾವಿದೆಯಾದಳೆಂದು ನೀವು ತಿಳಿಯಬಾರದು. ಡ್ರಾಯಿಂಗ್ ಟೀಚರಾದಳು, ಖಾಸಗಿ ಶಾಲೆಯಲ್ಲಿ, ಕಡಿಮೆ ಸಂಬಳಕ್ಕೆ. ಹಣದ ಲೆಕ್ಕದಲ್ಲಿ ನೋಡಿದರೆ ನನ್ನ ಸಲಹೆಯೇ ಗೆದ್ದಿತೆಂದು ನಮ್ಮ ಮನೆಯವರು ವಾದಿಸುತ್ತಾರೆ. ಇರಬಹುದು. ಅವಳು ಮಾತ್ರ ಬರೆಯುವುದನ್ನು ಒಂದು ವಾರವೂ ನಿಲ್ಲಿಸಿದವಳಲ್ಲ.

ಕೆಲವು ವರ್ಷಗಳ ಹಿಂದೆ ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಆ ಹುಡುಗ ಸಿಕ್ಕಿದ್ದ. ಹುಡುಗನೆನ್ನುತ್ತೇನೆ, ತಲೆಯೆಲ್ಲ ನರೆತಿದೆ. ಕಾಲು ಮುಟ್ಟಲು ಬಗ್ಗಿದವನನ್ನು ತಡೆದು, ಅಂದು ನಾನು ಹೇಳಿದ್ದು ತಪ್ಪಾಯಿತಪ್ಪ ಎಂದೆ. “ಇಲ್ಲ ಸಾರ್. ಅಪ್ಪನ ಕೆಮ್ಮು ನೋಡಿದ್ದೆ. ಕೆಳಗೆ ಇಳಿಯದೆ ಉಳಿದೆನಲ್ಲ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಆದರೆ ಸಾರ್, ಆ ಕ್ಯಾಲೆಂಡರ್ ಚಿತ್ರಗಳು ಡ್ರಾಯಿಂಗ್ ಮೇಷ್ಟ್ರ ಹತ್ತಿರ ಇದ್ದವು. ಅವರ ಮನೆಯವರು ಈಗ ಎಲ್ಲಿದ್ದಾರೆ ಗೊತ್ತೆ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳು ಮೈಸೂರಿನ ಕಡೆಗೆ ಹೋದರೆಂದು ಕೇಳಿದ್ದೆ. ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಅವರ ವಿಳಾಸ ತಿಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ.