ಅರ್ಥವಿಲ್ಲವೆನಿಸಿಕೊಂಡಿದ್ದ ತ್ರ್ಯಕ್ಷರಿ

ನ್ಯೂಕ್ಲಿಯಿಕ್ ಆಮ್ಲದಲ್ಲಿ ನಾಲ್ಕೇ ಅಕ್ಷರಗಳು. ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಇಪ್ಪತ್ತು. ಮೊದಲನೆಯ ಬರಹವನ್ನು ಜೀವಕೋಶವು ಎರಡನೆಯದಾಗಿ ಹೇಗೆ ಮಾರ್ಪಡಿಸುತ್ತದೆ? 1953ರಲ್ಲಿ ಡಿಎನ್‌ಎಯ ರಚನೆ ಪ್ರಕಟವಾದ ಮೇಲೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಲೆಕ್ಕದ ಬಲವನ್ನೇ ನಂಬಿದವರೂ ಇದ್ದರು. ಭೌತವಿಜ್ಞಾನಿ ಗ್ಯಾಮೊ ಅವರು 1954ರಲ್ಲಿ ಸೂಚಿಸಿದ ಸಂಕೇತಕ್ರಮವು ಬಹುಕಾಲ ನಿಲ್ಲಲಿಲ್ಲ. 1957ರಲ್ಲಿ ಕ್ರಿಕ್, ಗ್ರಿಫಿತ್ ಮತ್ತು ಆರ್ಗೆಲ್ ಅವರು ಮುಂದಿಟ್ಟ ಊಹೆಯಾದರೋ ಅತ್ಯಂತ ಮನೋಹರವಾದುದು.

ನಾಲ್ಕು ಅಕ್ಷರಗಳಿಂದ 64 ತ್ರ್ಯಕ್ಷರಿಗಳಾಗುತ್ತವೆ. ಪದಗಳ ನಡುವೆ ವಿರಾಮಚಿಹ್ನೆಯಿಲ್ಲದೆಯೂ ಓದು ತಪ್ಪಬಾರದು ಎನ್ನೋಣ. ‘ಕಕಕಕಕಕ’ ಎಂದಿದ್ದರೆ ಪದವು ಎಲ್ಲಿ ಆರಂಭವಾಯಿತೆಂದು ತಿಳಿಯದು. ಆದುದರಿಂದ ಅಂತಹ ನಾಲ್ಕನ್ನು ಕೈಬಿಡತಕ್ಕದ್ದು. ಉಳಿದ 60ರಲ್ಲಿ ‘ಕಖಗ’, ‘ಖಗಕ’, ‘ಗಕಖ’ ಎಂಬಂತೆ ಮೂರು ಮೂರರ ಗುಂಪುಗಳಾಗುತ್ತವೆ. ಗುಂಪಿಗೆ ಒಂದಕ್ಕೆ ಮಾತ್ರ ಅರ್ಥವೆಂದರೆ ದೊರೆಯುವ ಸಂಖ್ಯೆ ಸರಿಯಾಗಿ 20! ಇದರಲ್ಲಿ ತಮಗೆ ಹೆಚ್ಚಿನ ಭರವಸೆಯಿಲ್ಲವೆಂದು ಕರ್ತೃಗಳೇ ಎಚ್ಚರಿಸಿದ್ದರು. ಆದರೂ ಇಷ್ಟು ಅಚ್ಚುಕಟ್ಟಾದುದು ಸುಳ್ಳಾಗಲಾರದೆಂದು ಹಲವರಿಗೆ ತೋರಿದುದು ಸಹಜವೇ.

ಇತ್ತ ಬಾಸ್ಟನ್ನಿನಲ್ಲಿ ಜಮೆಕ್ನಿಕ್ ಅವರ ಬಳಗವು, ಕೋಶವನ್ನು ಒಡೆದು ತೆಗೆದ ಸಾರದಲ್ಲಿಯೇ ಪ್ರೋಟೀನು ಹುಟ್ಟುವಂತೆ ಮಾಡುವ ವಿಧಾನವನ್ನು ರೂಢಿಸಿತ್ತು. ಅಮೆರಿಕದ ಬೆಥೆಸ್ಡದಲ್ಲಿ ನೀರೆನ್‌ಬರ್ಗ್ ಮತ್ತು ಜರ್ಮನಿಯಿಂದ ಬಂದಿದ್ದ ಮತ್ತೇಯಿ ಅವರು ಈ ಮಾರ್ಗವನ್ನೇ ಹಿಡಿದು, ಬ್ಯಾಕ್ಟೀರಿಯಾದ ಸಾರಕ್ಕೆ ಯುರಾಸಿಲ್ ಎಂಬ ಒಂದೇ ಅಕ್ಷರದ ಕೃತಕ ಆರ್‌ಎನ್‌ಎಯನ್ನು ಸೇರಿಸಿದರು. 1961ರ ಮೇ 27ರ ಬೆಳಗಿನ ಜಾವದ ಪ್ರಯೋಗವನ್ನು ನಡೆಸಿದವರು ಮತ್ತೇಯಿ. ನೀರೆನ್‌ಬರ್ಗ್ ಆಗ ಊರಿನಲ್ಲಿರಲಿಲ್ಲ. ಇಪ್ಪತ್ತರಲ್ಲಿ ಫೀನೈಲ್‌ಅಲನೀನ್ ಒಂದೇ ಸರಪಣಿಯಾಗಿ ಹೆಣೆದುಕೊಂಡಿತು. ಲೆಕ್ಕದವರು ಅರ್ಥವಿಲ್ಲವೆಂದು ಬಿಟ್ಟಿದ್ದ ಬರಹಕ್ಕೇ ಮೊದಲು ಅರ್ಥ ಹೊರಟಿತು. ಇಲ್ಲಿ ಅದೃಷ್ಟದ ಪಾಲೂ ಉಂಟು: ಸಾರದಲ್ಲಿ ಮೆಗ್ನೀಸಿಯಂ ಅಧಿಕವಾಗಿದ್ದುದರಿಂದಲೇ ಆರಂಭಸೂಚಕವಿಲ್ಲದೆಯೂ ರೈಬೋಸೋಮ್ ಓದತೊಡಗಿತೆಂಬುದು ಅನಂತರ ತಿಳಿದುಬಂತು.

ಆಗಸ್ಟಿನಲ್ಲಿ ಮಾಸ್ಕೋದ ಜೀವರಸಾಯನ ಸಮ್ಮೇಳನದಲ್ಲಿ ನೀರೆನ್‌ಬರ್ಗ್ ಇದನ್ನು ಓದಿದಾಗ ಕೇಳಿದವರು ಕೆಲವರೇ. ಸುದ್ದಿ ತಿಳಿದ ಕ್ರಿಕ್ ಅದನ್ನು ದೊಡ್ಡ ಸಭೆಯಲ್ಲಿ ಮತ್ತೊಮ್ಮೆ ಓದಿಸಿದರು. ತಮ್ಮ ಊಹೆಯನ್ನು ಉರುಳಿಸಿದ ಫಲಿತಾಂಶಕ್ಕೆ ತಾವೇ ವೇದಿಕೆ ಒದಗಿಸಿದುದು ಸಣ್ಣ ಮಾತಲ್ಲ. ಸಂಕೇತವು ಮೂರಕ್ಷರದ್ದೆಂಬುದಕ್ಕೆ ಬಲವಾದ ಆಧಾರವನ್ನು ಆ ವರ್ಷದ ಕೊನೆಗೆ ಒದಗಿಸಿದವರೂ ಕ್ರಿಕ್ ಮತ್ತು ಅವರ ಸಂಗಡಿಗರೇ.

1966ರ ವೇಳೆಗೆ ಪಟ್ಟಿ ಪೂರ್ಣವಾಯಿತು: 61 ತ್ರ್ಯಕ್ಷರಿಗಳಿಗೆ ಅಮೈನೋ ಆಮ್ಲಗಳು, ಮೂರಕ್ಕೆ ನಿಲುಗಡೆ. 1968ರ ನೊಬೆಲ್ ಪಾರಿತೋಷಕವು ನೀರೆನ್‌ಬರ್ಗ್, ಖೊರಾನ ಮತ್ತು ಹಾಲಿ ಅವರಿಗೆ ಸಂದಿತು. ಆ ಬೆಳಗಿನ ಜಾವ ಪ್ರನಾಳವನ್ನು ಹಿಡಿದಿದ್ದ ಮತ್ತೇಯಿ ಅವರ ಹೆಸರು ಅದರಲ್ಲಿಲ್ಲ.