ಚಾಳೀಸಿನ ಚರಿತ್ರೆ: ಹಳೇ ಫ್ರೇಮು, ಹೊಸ ಗ್ಲಾಸು



ಹೋದ ವಾರ ಒಂದು ಫೋಟೋ ಹಾಕಿದ್ದೆ. "ಫ್ರೇಮು ದೊಡ್ಡಪ್ಪನದು, ಗ್ಲಾಸು ನನ್ನದು, ಖರ್ಚು 350 ರೂಪಾಯಿ" ಅಂತ ಒಂದೇ ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಮೆಸೇಜು ನನ್ನ ಮೀಸಲಾತಿ ಪೋಸ್ಟಿಗೂ ಬಂದಿರಲಿಲ್ಲ. "ಅಣ್ಣಾ, ನಮ್ಮೂರಲ್ಲಿ ಹೊಸ ಫ್ರೇಮ್ ತಗೊಂಡ್ರೆ ಮಾತ್ರ ಗ್ಲಾಸ್ ಹಾಕ್ತೀವಿ ಅಂತಾರೆ, ಏನ್ ಮಾಡೋದು?" ಇದೇ ಪ್ರಶ್ನೆ ಎಲ್ಲರದು. ಉತ್ತರ ಹೇಳ್ತೀನಿ. ಆದ್ರೆ ಅದಕ್ಕೂ ಮುಂಚೆ ಸ್ವಲ್ಪ ಚರಿತ್ರೆ. ಕಣ್ಣಿಗೂ ಜಾತಿಗೂ ಏನು ಸಂಬಂಧ ಅನ್ನೋರು ಇದನ್ನ ಬಿಟ್ಟು ಕೆಳಗೆ ಹೋಗಬೇಡಿ.

ನಮ್ಮ ಹಳಬರು ಕನ್ನಡಕಕ್ಕೆ 'ಚಾಳೀಸು' ಅಂತಿದ್ರು. ಉತ್ತರ ಕರ್ನಾಟಕದ ಕಡೆ ಈಗಲೂ ಕೇಳಿಬರುತ್ತೆ. ಚಾಳೀಸ್ ಅಂದ್ರೆ ನಲವತ್ತು. ನಲವತ್ತಕ್ಕೆ ಬರೋದು, ಅದಕ್ಕೇ ಆ ಹೆಸರು. ಕಣ್ಣಿನೊಳಗಿನ ಮಸೂರ ವಯಸ್ಸಾದಂಗೆಲ್ಲಾ ಗಟ್ಟಿಯಾಗುತ್ತೆ, ಹತ್ತಿರದ್ದಕ್ಕೆ ಬಾಗೋದಿಲ್ಲ. ಇದು ಬ್ರಾಹ್ಮಣನಿಗೂ ಅಷ್ಟೇ, ಮಾದಿಗನಿಗೂ ಅಷ್ಟೇ. ಪ್ರಕೃತಿ ಭೇದ ಮಾಡಲಿಲ್ಲ. ಭೇದ ಶುರುವಾಗೋದು ಚಾಳೀಸು ಯಾರ ಮೂಗಿನ ಮೇಲೆ ಕೂರುತ್ತೆ ಅನ್ನೋ ಕಡೆಯಿಂದ.

ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, 1280ರ ದಶಕದಲ್ಲಿ. 1306ರಲ್ಲಿ ಫ್ಲಾರೆನ್ಸಿನಲ್ಲಿ ಪ್ರವಚನ ಮಾಡಿದ ಒಬ್ಬ ಪಾದ್ರಿ, ಈ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷ ಆಗಿಲ್ಲ ಅಂತ ಹೇಳಿದ್ದು ದಾಖಲಾಗಿದೆ. ನಮ್ಮ ನೆಲದಲ್ಲಿ ಅದರ ಹಳೇ ಸುಳಿವು ಸಿಗೋದು ವಿಜಯನಗರದಲ್ಲಿ. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿದ್ದ ವಿದ್ವಾಂಸ ಪಿ.ಕೆ. ಗೋಡೆ ಅವರು ಭಾರತದಲ್ಲಿ ಕನ್ನಡಕದ ಇತಿಹಾಸ ಹುಡುಕ್ತಾ ಹೋದಾಗ ಅವರಿಗೆ ಸಿಕ್ಕಿದ್ದು ಸೋಮನಾಥ ಕವಿಯ 'ವ್ಯಾಸಯೋಗಿಚರಿತ'. ಕೃಷ್ಣದೇವರಾಯನ ಕಾಲದ ಮಾಧ್ವ ಯತಿ ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಗ್ರಂಥ ಓದುತ್ತಿದ್ದ ವರ್ಣನೆ ಅದರಲ್ಲಿದೆ ಅಂತ ಗೋಡೆ ಗುರುತಿಸಿದರು. ಸುಮಾರು 1520ರ ಮಾತು. ಪೋರ್ಚುಗೀಸರು ಗೋವಾ ಹಿಡಿದು ಹತ್ತು ವರ್ಷ ಆಗಿತ್ತು, ಅವರ ಕಡೆಯಿಂದಲೇ ಬಂದಿರಬೇಕು.

ನನಗೆ ವ್ಯಾಸರಾಯರ ಮೇಲೆ ತಕರಾರಿಲ್ಲ, ಕಣ್ಣು ಮಂಜಾದವರು ಕನ್ನಡಕ ಹಾಕ್ಕೊಂಡ್ರು. ಆದ್ರೆ ಗಮನಿಸಿ, ಮಡಿ ಮಡಿ ಅನ್ನೋ ಮಠಕ್ಕೆ ಕಡಲಾಚೆ ಮ್ಲೇಚ್ಛರು ಮಾಡಿದ ಗಾಜು ಬರಬಹುದಿತ್ತು, ಕಣ್ಣ ಮುಂದೇ ಕೂರಬಹುದಿತ್ತು. ಊರಾಚೆ ಕೇರಿಯ ಮನುಷ್ಯ ಮಾತ್ರ ಬರಂಗಿಲ್ಲ! ಓದೋಕೇ ಬಿಡದೆ ಇದ್ದವನಿಗೆ ಓದೋ ಗಾಜು ಯಾಕೆ? ಹಾಗಾಗಿ ಮುನ್ನೂರು ನಾನೂರು ವರ್ಷ ಚಾಳೀಸು ಅನ್ನೋದು ಲೆಕ್ಕ ಬರೆಯೋರ, ಪಂಚಾಂಗ ಓದೋರ, ಸಾಹುಕಾರರ ವಸ್ತುವಾಗೇ ಉಳೀತು.

1856ರ ಜೂನಿನಲ್ಲಿ ನಮ್ಮ ಧಾರವಾಡದಲ್ಲೇ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ ಅಂತ ಅರ್ಜಿ ಹಾಕಿದ. ಬಾಂಬೆ ಸರ್ಕಾರ ಬೀಗೋದು ಸರ್ಕಾರಿ ಶಾಲೆ ಎಲ್ಲರದ್ದು ಅಂತ, ಆದರೂ ಒಬ್ಬನಿಗೋಸ್ಕರ ಮೇಲ್ಜಾತಿಯವರನ್ನ ಎದುರು ಹಾಕ್ಕೊಳ್ಳೋಕಾಗಲ್ಲ ಅಂತ ಕೈಚೆಲ್ಲಿತು. ಬಾಬಾಸಾಹೇಬರು ಈ ಪ್ರಕರಣವನ್ನ ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ. ಆ ಹುಡುಗನ ಕಣ್ಣು ಚೆನ್ನಾಗೇ ಇದ್ದಿರಬೇಕು. ಬಾಗಿಲಾಚೆ ನಿಲ್ಲಿಸಿದ ಮೇಲೆ ಚೆನ್ನಾಗಿದ್ದು ಏನು ಬಂತು?

ಇನ್ನೊಬ್ಬರ ನೆನಪು ಮಾಡಬೇಕು. ಸ್ಪಿನೋಜಾ. 1656ರಲ್ಲಿ ಆಂಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಈ ತತ್ವಜ್ಞಾನಿಗೆ ಬಹಿಷ್ಕಾರ ಹಾಕ್ತು. ಯಾರೂ ಮಾತಾಡಬಾರದು, ಜೊತೆ ಇರಬಾರದು, ಬರೆದದ್ದು ಓದಬಾರದು. ನಮಗೆ ಚೆನ್ನಾಗಿ ಗೊತ್ತಿರೋ ಭಾಷೆ ಇದು. ಆ ಮನುಷ್ಯ ಹೊಟ್ಟೆಪಾಡಿಗೆ ಲೆನ್ಸ್ ಉಜ್ಜಿದ. 44ನೇ ವಯಸ್ಸಿಗೆ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ, ಉಸಿರಲ್ಲಿ ಹೋದ ಗಾಜಿನ ಪುಡಿಯೂ ಕಾರಣ ಇರಬಹುದು ಅಂತಾರೆ. ಜಗತ್ತು ಚೆನ್ನಾಗಿ ಕಾಣಲಿ ಅಂತ ಗಾಜು ಉಜ್ಜಿದ ಕೈಗಳು ಯಾವ ಕಾಲದಲ್ಲೂ ಸಾಹುಕಾರರದ್ದಲ್ಲ.

ಬಾಬಾಸಾಹೇಬರ ಕನ್ನಡಕದ ಬಗ್ಗೆ ಬೇರೆ ಹೇಳಬೇಕಾ? ನಮ್ಮ ಮಕ್ಕಳು ಚಿತ್ರ ಬರೆಯೋವಾಗ ಮೊದಲು ಎರಡು ಸುತ್ತು ಹಾಕ್ತವೆ, ಆಮೇಲೆ ಕೋಟು, ಆಮೇಲೆ ಪುಸ್ತಕ. ಆದ್ರೆ ಆ ಕಣ್ಣಿನ ಕಥೆ ನಾವು ಕಡಿಮೆ ಮಾತಾಡ್ತೀವಿ. 1948ರಿಂದ ಸಕ್ಕರೆ ಕಾಯಿಲೆ. 1954ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಸಿಗೆ ಹಿಡಿದಿದ್ರು, ದೃಷ್ಟಿಯೂ ಸೋತಿತ್ತು. ಆ ಕಣ್ಣಲ್ಲೇ 'ಬುದ್ಧ ಮತ್ತು ಆತನ ಧಮ್ಮ' ಮುಗಿಸಿದ್ರು, 1956ರ ಡಿಸೆಂಬರ್ 5ರ ರಾತ್ರಿವರೆಗೂ ಕಾಗದ ಬಿಡಲಿಲ್ಲ. ಊರೂರಲ್ಲಿ ಪ್ರತಿಮೆ ಮೇಲಿರೋ ಕನ್ನಡಕ ಅಲಂಕಾರಕ್ಕಲ್ಲ ಅಂತ ಹುಡುಗರಿಗೆ ಹೇಳಿ.

(ಇನ್ನೊಂದು ಜೋಡಿ ಕನ್ನಡಕವೂ ದೇಶದಲ್ಲಿ ಫೇಮಸ್ಸು. ಗಾಂಧೀಜಿಯವರದ್ದು 2020ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 2,60,000 ಪೌಂಡಿಗೆ ಹೋಯ್ತು. 2014ರಿಂದ ಸ್ವಚ್ಛ ಭಾರತದ ಗುರುತಾಗಿ ಗೋಡೆ ಗೋಡೆ ಮೇಲೆ ಅದೇ ಇದೆ. ಅದರ ಕೆಳಗೇ ನಮ್ಮವರು ಮ್ಯಾನ್‌ಹೋಲಿಗೆ ಇಳೀತಾರೆ, ಆ ಕನ್ನಡಕಕ್ಕೆ ಕಾಣಲ್ಲ.)

ಈಗ ನಮ್ಮ ಮನೆಗೆ ಬರ್ತೀನಿ. ನಮ್ಮ ಕೇರಿಗೆ ಕನ್ನಡಕ ಓದಿನ ಜೊತೆ ಬರಲಿಲ್ಲ, ಆಪರೇಷನ್ ಜೊತೆ ಬಂತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರು ಊರೂರು ಸುತ್ತಿ ಕ್ಯಾಂಪ್ ಹಾಕಿ ಪೊರೆ ತೆಗೀತಿದ್ದ ಕಾಲ. ಶಾಲೆ, ಛತ್ರ, ಸಿಕ್ಕಿದ ಜಾಗದಲ್ಲಿ ಸಾಲಾಗಿ ಮಲಗಿಸಿ, ದುಡ್ಡು ತಗೊಳ್ಳದೆ ಲಕ್ಷಾಂತರ ಜನಕ್ಕೆ ಕಣ್ಣು ಕೊಟ್ಟ ಮನುಷ್ಯ. ಆ ಸಾಲಲ್ಲಿ ಗೌಡನೂ ಕೇರಿಯವನೂ ಪಕ್ಕಪಕ್ಕ ಮಲಗಿದ್ರು ಅಂತ ನಮ್ಮವ್ವ ಹೇಳೋಳು. ಬಾವೀಲಿ ಆಗದ್ದು ಅಲ್ಲಿ ಆಗಿತ್ತು.

ಆಗಿನ ಆಪರೇಷನ್ನಲ್ಲಿ ಕಣ್ಣೊಳಗೆ ಲೆನ್ಸ್ ಇಡ್ತಿರಲಿಲ್ಲ. ಪೊರೆ ಜೊತೆ ಕಣ್ಣಿನ ಮಸೂರವೇ ಹೋಗೋದು, ಆ ಕೆಲಸ ಹೊರಗಿನ ಗಾಜು ಮಾಡಬೇಕು. ಪ್ಲಸ್ ಹತ್ತರ ಆಸುಪಾಸಿನ ಪವರ್. ಅದೇ 'ಸೋಡಾ ಗ್ಲಾಸು'. ಅಂದ್ರೆ ಕನ್ನಡಕ ಒಡೀತು ಅಂದ್ರೆ ಆಪರೇಷನ್ ಆದವನು ಮತ್ತೆ ಕುರುಡ. ನಮ್ಮ ದೊಡ್ಡಪ್ಪ ಚಪ್ಪಲಿ ಹೊಲಿಯೋರು. ಒಂದು ಸಂಜೆ ಮೇಕೆ ಜಿಗಿದು ಅವರ ಒಂದು ಗಾಜು ಚೂರಾಯ್ತು. ಪೇಟೆ ಅಂಗಡಿಗೆ ನಮ್ಮಪ್ಪ ಕರ್ಕೊಂಡು ಹೋದ್ರೆ, ಅಂಗಡಿಯವನು ಹೊಸ ಫ್ರೇಮನ್ನ ಟೇಬಲ್ ಮೇಲಿಟ್ಟು "ನೀನೇ ಹಾಕ್ಕೊಂಡು ನೋಡು" ಅಂದನಂತೆ. ಮುಖ ಮುಟ್ಟಿ ಅಳತೆ ತಗೊಳ್ಳಲಿಲ್ಲ. ಕನ್ನಡಕದಲ್ಲಿ ಮುಟ್ಟದೆ ಅಳತೆ ಹೆಂಗೆ ತಗೊಳ್ತೀರಿ? ಪಾಪೆಯಿಂದ ಪಾಪೆಗೆ ಎಷ್ಟು ದೂರ ಅಂತ ನೋಡಬೇಕು, ಕಿವಿ ಹಿಂದೆ ಬಗ್ಗಿಸಬೇಕು. ಗಾಜಿನ ನಡುಬಿಂದು ಪಾಪೆಗೆ ಎದುರಾಗದಿದ್ರೆ, ಅದೂ ಅಷ್ಟು ಪವರಿನ ಗಾಜಲ್ಲಿ, ತಲೆನೋವು, ಎರಡೆರಡು ಕಾಣೋದು. ದೊಡ್ಡಪ್ಪ ಆ ಹೊಸ ಕನ್ನಡಕದಲ್ಲಿ ಎರಡು ತಿಂಗಳು ಕೈಗೆ ದಬ್ಬಳ ಚುಚ್ಚಿಕೊಂಡ್ರು.

ಕೊನೆಗೆ ಸಂತೆಯಲ್ಲಿ ವಾಚು, ಕನ್ನಡಕ ರಿಪೇರಿ ಮಾಡ್ತಿದ್ದ ಒಬ್ಬ ಸಾಬರು ಹಳೇ ಫ್ರೇಮನ್ನೇ ಈಸ್ಕೊಂಡು, ಒಡೆಯದೆ ಉಳಿದಿದ್ದ ಗಾಜನ್ನೇ ಅಚ್ಚಾಗಿಟ್ಟು, ಕಲ್ಲಿಗೆ ಉಜ್ಜಿ ಉಜ್ಜಿ ಇನ್ನೊಂದನ್ನ ಕೂರಿಸಿಕೊಟ್ರು. ಗಲ್ಲ ಹಿಡಿದು, ಮೂಗಿನ ಮೇಲೆ ಸರಿಮಾಡಿ, "ಈಗ ನೋಡಪ್ಪಾ" ಅಂದ್ರಂತೆ. ದೊಡ್ಡಪ್ಪ ಸಾಯೋವರೆಗೂ ಆ ಗಾಜಿನ ಮಾತಿಗಿಂತ ಗಲ್ಲ ಹಿಡಿದ ಮಾತೇ ಜಾಸ್ತಿ ಆಡ್ತಿದ್ರು. ಫೋಟೋದಲ್ಲಿ ನೀವು ನೋಡಿದ್ದು ಅದೇ ಫ್ರೇಮು.

ಆಮೇಲೆ ಎರಡು ಬದಲಾವಣೆ ಆದ್ವು. ಒಂದು, ಕಣ್ಣೊಳಗೇ ಲೆನ್ಸ್ ಇಡೋದು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಇಟ್ಟಿದ್ರೂ ಬಡವರ ಕೈಗೆ ಬಂದಿದ್ದು 1992ರಲ್ಲಿ ಮದುರೈಯ ಅರವಿಂದ್ ಆಸ್ಪತ್ರೆಯವರು ಅರೋಲ್ಯಾಬ್ ಅಂತ ಕಾರ್ಖಾನೆ ಮಾಡಿ ಅಗ್ಗಕ್ಕೆ ತಯಾರಿಸಿದ ಮೇಲೆ. ಎರಡನೇದು ಪ್ಲಾಸ್ಟಿಕ್ ಲೆನ್ಸು. ಸಿಆರ್-39 ಅಂತಾರೆ. 1940ರಲ್ಲಿ ಅಮೆರಿಕದಲ್ಲಿ ಮಾಡಿದ ರಾಳ, ಯುದ್ಧವಿಮಾನಗಳ ಇಂಧನ ಟ್ಯಾಂಕಿಗೆ ಬಳಕೆಯಾಗಿ, 1947ರಿಂದ ಕನ್ನಡಕಕ್ಕೆ ಬಂತು. ಗಾಜಿನ ಅರ್ಧದಷ್ಟೇ ತೂಕ, ಸುಲಭಕ್ಕೆ ಒಡೆಯಲ್ಲ. ಗೀಚು ಮಾತ್ರ ಬೇಗ ಬೀಳುತ್ತೆ, ಅದಕ್ಕೇ ಗ್ಲಾಸು ಹೋದ್ರೂ ಫ್ರೇಮು ಗಟ್ಟಿಯಾಗೇ ಇರುತ್ತೆ. ನಿಮ್ಮ ಪ್ರಶ್ನೆ ಹುಟ್ಟೋದೇ ಇಲ್ಲಿ.

ಫ್ರೇಮು ಬೇರೆ, ಗ್ಲಾಸು ಬೇರೆ. ಎರಡನ್ನೂ ಒಂದೇ ಮಾಡಿ ಮಾರೋದು ವ್ಯಾಪಾರ. ಜಗತ್ತಿನ ಅತಿ ದೊಡ್ಡ ಫ್ರೇಮ್ ಕಂಪನಿಯೂ ಅತಿ ದೊಡ್ಡ ಲೆನ್ಸ್ ಕಂಪನಿಯೂ 2018ರಲ್ಲಿ ಒಂದಾಗಿ ಎಸಿಲಾರ್‌ಲಕ್ಸಾಟಿಕಾ ಆಯ್ತು ಅಂದ್ರೆ ಲಾಭ ಎಲ್ಲಿದೆ ಅಂತ ನೀವೇ ಲೆಕ್ಕ ಹಾಕಿ. ನಿಮ್ಮೂರ ಅಂಗಡಿಯವನು "ಹಳೇ ಫ್ರೇಮು, ಮುರಿದ್ರೆ ನಮ್ಮ ಜವಾಬ್ದಾರಿ ಅಲ್ಲ" ಅಂದ್ರೆ ಅದು ಪೂರ್ತಿ ಸುಳ್ಳಲ್ಲ. ಹಳೇ ಪ್ಲಾಸ್ಟಿಕ್ ಫ್ರೇಮು ಒಣಗಿ ಪೆಡಸಾಗಿರುತ್ತೆ, ಬಿಸಿ ಮಾಡಿ ಗ್ಲಾಸ್ ಒತ್ತೋವಾಗ ಸೀಳಬಹುದು. ಬಿಳಿ ಬಿಳಿಯಾಗಿದ್ರೆ, ಕೂದಲೆಳೆ ಬಿರುಕಿದ್ರೆ ಆಸೆ ಬಿಡಿ. ಮೆಟಲ್ ಫ್ರೇಮಿಗೆ ಸ್ಕ್ರೂ ಇರುತ್ತೆ, ಬಿಚ್ಚಿ ಹಾಕೋದು ಸಲೀಸು. ಕೆಳಗಡೆ ನೈಲಾನ್ ದಾರ ಇರೋದಕ್ಕೆ ದಾರವನ್ನೂ ಬದಲಾಯಿಸಿ ಅನ್ನಿ. ಫ್ರೇಮೇ ಇಲ್ಲದೆ ಗ್ಲಾಸಿಗೆ ತೂತು ಹೊಡೆದಿರೋದು ಮಾತ್ರ ದುಬಾರಿ, ರಗಳೆ.

ಹೋಗೋಕೆ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿ ಚೀಟಿ ತಗೊಳ್ಳಿ. ಹಳೇ ಗ್ಲಾಸನ್ನ ಮಿಷನ್ನಲ್ಲಿಟ್ಟು ಅದೇ ಪವರ್ ಹಾಕಿಸಿದ್ರೆ ಹಳೇ ಕಣ್ಣಿಗೆ ಕನ್ನಡಕ ಮಾಡಿಸಿದಂಗೆ. ಪಾಪೆ ದೂರವನ್ನೂ ಚೀಟೀಲಿ ಬರೆಸಿ. ಅಂಗಡೀಲಿ "ಸಿಆರ್-39, ಸಿಂಗಲ್ ವಿಷನ್, ಬರೀ ಗ್ಲಾಸು" ಅಂತ ಕೇಳಿ. ಸಾಮಾನ್ಯ ಪವರು ರೆಡಿ ಸಿಗುತ್ತೆ, ಅಂಚು ಕತ್ತರಿಸಿ ಕೂರಿಸೋದಷ್ಟೇ ಕೆಲಸ. ಬ್ಲೂ ಕಟ್ಟು, ಆ ಕೋಟಿಂಗು, ಈ ಕೋಟಿಂಗು ಅಂತ ಬಿಲ್ಲು ಬೆಳೆಸೋಕೆ ನೋಡ್ತಾರೆ. ಗೀಚು ಬೀಳದ ಕೋಟಿಂಗ್ ಒಂದಿರಲಿ, ಬಾಕಿ ಬೇಡ ಅನ್ನಿ. ಒಡೆದ ಹಳೇ ಗ್ಲಾಸಿನ ಚೂರೂ ಬಿಸಾಡಬೇಡಿ, ಆಕಾರಕ್ಕೆ ಬೇಕಾಗುತ್ತೆ.

ಇದೆಲ್ಲಾ ಸಣ್ಣ ವಿಷಯ ಅನ್ನೋ ನಮ್ಮ ಸಂಘಟನೆ ಗೆಳೆಯರಿಗೆ ಒಂದು ಮಾತು. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ಒಂದು ಅಧ್ಯಯನ ಆಯ್ತು, 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ಹತ್ತಿರದ ಕನ್ನಡಕ ಸಿಕ್ಕವರು ಕೀಳೋ ಎಲೆ, ಸಿಗದವರಿಗಿಂತ ಸುಮಾರು 21 ಪರ್ಸೆಂಟ್ ಜಾಸ್ತಿ ಏರ್ತು. ತೂಕಕ್ಕೆ ತಕ್ಕ ಕೂಲಿ ತಗೊಳ್ಳೋ ಕೈ ಅವು. ಬೀಡಿ ಕಟ್ಟೋ ಅಕ್ಕಂದಿರು, ಗಾರ್ಮೆಂಟ್ಸಲ್ಲಿ ಸೂಜಿಗೆ ದಾರ ಪೋಣಿಸೋಕಾಗದೆ ಬೈಸಿಕೊಳ್ಳೋ ಅಕ್ಕಂದಿರು, ಇವರ ಕಣ್ಣಿನ ಬಗ್ಗೆ ನಮ್ಮ ಯಾವ ಹಕ್ಕೊತ್ತಾಯದಲ್ಲಿ ಒಂದು ಸಾಲು ಇದೆ ಹೇಳಿ? ನಲವತ್ತಕ್ಕೆ "ಕಣ್ಣು ಕಾಣಲ್ಲ, ಮನೇಗೆ ಹೋಗು" ಅನ್ನಿಸಿಕೊಂಡವರು ನಮ್ಮ ಕೇರೀಲಿ ಎಷ್ಟು ಜನ ಇದ್ದಾರೆ ಎಣಿಸಿ.

2025ರ ಸೆಪ್ಟೆಂಬರ್ 22ರಿಂದ ಕನ್ನಡಕದ ಲೆನ್ಸು, ಫ್ರೇಮಿನ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಅಂಗಡೀಲಿ ಬಿಲ್ ಕೇಳಿ, ಆ ಸಾಲು ನೋಡಿ. ರಾಜ್ಯ ಸರ್ಕಾರದ 'ಆಶಾಕಿರಣ' ಯೋಜನೆಯಲ್ಲಿ ಪುಕ್ಕಟೆ ಕನ್ನಡಕ ಕೊಡೋದಿದೆ, ನಿಮ್ಮ ಆಶಾ ಕಾರ್ಯಕರ್ತೆಯನ್ನ ಕೇಳಿ.

ಹಳೇ ಫ್ರೇಮಿಗೆ ಗ್ಲಾಸ್ ಹಾಕಿಕೊಡೋರು ನಿಮ್ಮ ತಾಲೂಕಲ್ಲಿ ಯಾರಾದ್ರೂ ಇದ್ರೆ ಊರಿನ ಹೆಸರು, ಎಷ್ಟು ತಗೊಂಡ್ರು ಅಂತ ಕೆಳಗೆ ಬರೀರಿ. ತಾಲೂಕುವಾರು ಪಟ್ಟಿ ಮಾಡಿ ಗ್ರೂಪಿಗೆ ಹಾಕ್ತೀನಿ. ಗಲ್ಲ ಹಿಡಿದು ಅಳತೆ ತಗೊಳ್ಳೋರಾ ಅನ್ನೋದನ್ನೂ ಬರೀರಿ.