ಮಾಳಿಗೆ ಮನೆಗೆ ಚೌಳು ಮಣ್ಣೇ ಏಕೆ?

ಪಾವಗಡ ತಾಲ್ಲೂಕಿನ ತಿರುಮಣಿ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕಿನಿಂದ ಹೆಸರಾಗಿದೆ. ಈ ಪಾರ್ಕಿಗೆ ಕಾರಣವಾದ ಬಿಸಿಲನ್ನು ಇಲ್ಲಿನ ಹಿರಿಯರು ಮನೆಯ ಹೊರಗೇ ತಡೆದು ನಿಲ್ಲಿಸುತ್ತಿದ್ದುದು ಮಣ್ಣಿನ ಮಾಳಿಗೆಯಿಂದ. ಗಡಿಯಾಚೆಯ ತೆಲುಗು ಸೀಮೆಯಲ್ಲಿ ಇದಕ್ಕೆ ‘ಮಿದ್ದೆ’ ಎಂಬ ಹೆಸರಿದೆ.

ಕಲ್ಲು ಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆ ಇಲ್ಲವೇ ಕಡ್ಡಿ ಸೊಪ್ಪು, ಬಳಿಕ ಮಣ್ಣಿನ ದಪ್ಪ ಪದರ, ಎಲ್ಲಕ್ಕೂ ಮೇಲೆ ಚೌಳು. ಹೊಲದಲ್ಲಿ ಚೌಳು ಕಂಡರೆ ರೈತ ನಿಟ್ಟುಸಿರು ಬಿಡುತ್ತಾನೆ. ಮಾಳಿಗೆಯ ಮೇಲೆ ಅದೇ ರಕ್ಷಕ. ಎರಡಕ್ಕೂ ಕಾರಣ ಒಂದೇ. ಈ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೆನೆದೊಡನೆ ಇದರ ನುಣುಪಾದ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯದೆ ಇಳಿಜಾರಿನಲ್ಲಿ ಹರಿದು ದೋಣಿಯ ಮೂಲಕ ಹೊರಬೀಳುತ್ತದೆ. ಆದರೆ ಮಳೆ ಈ ಪದರವನ್ನು ತುಸುತುಸುವೇ ಕೊಚ್ಚುವುದರಿಂದ ಮಳೆಗಾಲಕ್ಕೆ ಮುನ್ನ ಹೊಸ ಚೌಳು ಹರಡಲೇಬೇಕು.

ದಪ್ಪ ಮಣ್ಣಿನಲ್ಲಿ ಬಿಸಿ ಇಳಿಯಲು ಹಲವು ಗಂಟೆಗಳು ಹಿಡಿಯುತ್ತವೆ. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಳಗಿನ ಬಿಸಿಗಾಳಿ, ಒಲೆಯ ಹೊಗೆ ಗವಾಕ್ಷಿಯಿಂದ ಹೊರಹೋಗುತ್ತವೆ. ತಗಡಿನ ಶೀಟಾದರೋ ನಿಮಿಷಗಳಲ್ಲೇ ಕಾಯುತ್ತದೆ. ಆರ್‌ಸಿಸಿ ಛಾವಣಿ ಹಗಲಿನ ಬಿಸಿಯನ್ನು ಹೀರಿ ರಾತ್ರಿ ಮಲಗಿದವರ ಮೇಲೆ ಸೂಸುತ್ತದೆ.

ವರ್ಷವರ್ಷವೂ ಮಣ್ಣು ಹೊರಲು ಆಳಿಲ್ಲವೆಂಬ ದೂರು ಸುಳ್ಳಲ್ಲ. ಆದರೆ ಅದಕ್ಕಾಗಿ ಮಾಳಿಗೆಯ ಮೇಲೆ ಸಿಮೆಂಟ್ ಗಾರೆ ಬಳಿಯುವುದು ಅಪಾಯಕಾರಿ. ಮಣ್ಣು ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಗಡುಸಾದ ಸಿಮೆಂಟ್ ಅದರೊಡನೆ ಹೊಂದಿಕೊಳ್ಳಲಾರದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರಲಾಗದೆ ಒಳಗೇ ಉಳಿಯುತ್ತದೆ. ಮೇಲ್ನೋಟಕ್ಕೆ ಮಾಳಿಗೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ ತೊಲೆ ಕೊಳೆಯುತ್ತಿರುತ್ತದೆ, ಗೆದ್ದಲು ಹಿಡಿಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೂ ಇದೇ ಗತಿ: ಬುಡದಿಂದ ಏರುವ ತೇವಕ್ಕೆ ಹೊರದಾರಿ ಇರುವುದಿಲ್ಲ. ಅಂಥ ಗೋಡೆಗೆ ಮಣ್ಣಿನ ಇಲ್ಲವೇ ಸುಣ್ಣದ ಗಾರೆಯೇ ಲೇಸು.

ಹಳೆಯ ಮಾಳಿಗೆಯಲ್ಲಿ ವಾಸಿಸುವವರು ಮೊದಲು ನೋಡಬೇಕಾದದ್ದು ತೊಲೆಯು ಗೋಡೆಯೊಳಗೆ ಸೇರುವ ತುದಿಯನ್ನು. ಅಲ್ಲಿ ಮರ ಕಪ್ಪಾಗಿದ್ದರೆ, ಚುಚ್ಚಿದಾಗ ಮೆತ್ತಗಿದ್ದರೆ ಅಥವಾ ಗೋಡೆ ಉಬ್ಬಿದ್ದರೆ, ಜಡಿಮಳೆಯ ದಿನಗಳಲ್ಲಿ ಆ ಕೋಣೆಯಲ್ಲಿ ಮಲಗಬಾರದು.